ವಾರ್ಡ್ ಸಭೆಯ ಬಾಗಿಲಲ್ಲಿ ಕೂರುತ್ತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಅವರ ತಮ್ಮ. ನಾನು ಬೆಳಿಗ್ಗೆ ಮೆಡಿಕಲ್ ಅಂಗಡಿಯ ಷಟರ್ ಎತ್ತುತ್ತಿದ್ದೆ. ಎದುರುಗಡೆಯ ಫುಟ್‌ಪಾತಿನಲ್ಲಿ ನಿಂತು, ರಸ್ತೆಯನ್ನೂ ದಾಟದೆ, ಅಲ್ಲಿಂದಲೇ "ಅಕ್ಕ ಹೋದ್ರು ಸಾರ್" ಅಂದರು. ಅಂದವರೇ ಬೀದಿಯ ಎರಡೂ ತುದಿಗಳನ್ನು ಒಮ್ಮೆ ನೋಡಿದರು. ಯಾರಾದರೂ ನಿಂತು ನಮ್ಮನ್ನು ಗಮನಿಸುತ್ತಿದ್ದಾರೆಯೇ ಎಂದು ನೋಡಿಕೊಂಡು ಮಾತನಾಡುವುದು ಈಗ ನಮ್ಮ ಬೀದಿಯವರಿಗೆಲ್ಲ ಅಭ್ಯಾಸವಾಗಿಬಿಟ್ಟಿದೆ.

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಮ್ಮನ ಸಂಸಾರ ಇನ್ನೂ ಅದೇ ಮನೆಯಲ್ಲಿದೆ. ಅವರಿಗೊಬ್ಬಳು ಮಗಳಿದ್ದಾಳೆ.

ರಾಣೆಬೆನ್ನೂರಿನ ಕಡೆಯವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಬೆಂಗಳೂರಿಗೆ ಬಂದು, ವಿಜಯನಗರದ ಪಕ್ಕದ ನಮ್ಮ ಬಡಾವಣೆಯಲ್ಲಿ ತಮ್ಮನ ಜೊತೆ ಸೇರಿ ಮನೆ ಕಟ್ಟಿಸಿ, ಅಲ್ಲೇ ನಿವೃತ್ತರಾದವರು. ಮದುವೆಯಾಗಲಿಲ್ಲ. ಹಣೆಯಲ್ಲಿ ಮೂರೆಳೆ ವಿಭೂತಿ, ಇಳಕಲ್ ಸೀರೆ, ಕಾಲಿಗೆ ಗಂಡಸರು ಹಾಕುವಂಥ ದಪ್ಪ ಚಪ್ಪಲಿ. ಈ ಊರಿಗೆ ಬಂದು ಅಷ್ಟು ವರ್ಷವಾದರೂ ಮಾತು ಮಾತ್ರ ತುಂಗಭದ್ರೆಯ ಆಚೆಯದೇ. ನನ್ನನ್ನು "ಗುಳಿಗಿ ಸಾವ್ಕಾರ್ರ" ಅಂತ ಕರೆಯುತ್ತಿದ್ದರು. ಬಿಪಿ ಮಾತ್ರೆಯ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಎಕ್ಸ್‌ಪೈರಿ ಓದದೆ ಒಮ್ಮೆಯೂ ತೆಗೆದುಕೊಂಡವರಲ್ಲ. "ನಿಮ್ಮ ಮ್ಯಾಲೆ ಅನುಮಾನ ಅಲ್ರಿ. ನೋಡಬೇಕಾದ್ದು ನನ್ನ ಕೆಲಸ" ಅನ್ನುವರು.

ಎಲ್ಲರಿಗೂ ಅವರು ಇಷ್ಟವಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಮೇಲಿನ ಮನೆಯ ಬಾಡಿಗೆಯವರು ಪೈಪು ಹಿಡಿದು ಸ್ಕೂಟರ್ ತೊಳೆದರೆ ಬೀದಿಯಲ್ಲೇ ನಿಂತು ಬೈಯುತ್ತಿದ್ದರು. ಯಾರಾದರೂ ತಪ್ಪು ಕನ್ನಡ ಮಾತಾಡಿದರೆ ಮದುವೆ ಮನೆಯಲ್ಲೂ ತಿದ್ದುತ್ತಿದ್ದರು. ದೂರದಿಂದ ಅವರು ಬರುವುದು ಕಂಡರೆ ಕೆಲವರು ನನ್ನ ಅಂಗಡಿಯ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. "ಓಡ್ಲಿ ಬಿಡ್ರಿ, ವ್ಯಾಯಾಮ ಆಗತೈತಿ" ಎಂದು ನಗುತ್ತಿದ್ದರು.

ಅವರಿಗಿದ್ದ ಒಂದೇ ಒಂದು ಹುಚ್ಚು ವಾರ್ಡ್ ಸಮಿತಿಯ ಸಭೆ. ಕಾರ್ಪೊರೇಟರ್‌ಗಳ ಅವಧಿ ಮುಗಿದು ಹೊಸ ಚುನಾವಣೆ ನಡೆಯದೆ ಇದ್ದ ಕಾಲ ಅದು. ನೋಡಲ್ ಅಧಿಕಾರಿ ಎಂದು ನೇಮಕವಾಗಿದ್ದ ಒಬ್ಬ ಎಂಜಿನಿಯರು ಸಭೆ ನಡೆಸುತ್ತಿದ್ದರು. ಶನಿವಾರ ಬೆಳಿಗ್ಗೆ, ವಾರ್ಡ್ ಕಚೇರಿಯ ಮಹಡಿಯ ಮೇಲೆ. ಆ ವಾರ್ಡಿನಲ್ಲಿ ವಾಸವಾಗಿರುವ ಯಾರು ಬೇಕಾದರೂ ಬಂದು ಕೂತು ಕೇಳಬಹುದು, ಪ್ರಶ್ನೆ ಕೇಳಬಹುದು. ಇದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರಿಗೆ ಶನಿವಾರ ಬೇರೆ ಕೆಲಸ ಇರುತ್ತಿತ್ತು.

ನನ್ನ ಅಂಗಡಿಯ ಪಕ್ಕದ ಮೂಲೆಯಲ್ಲಿ ಯಾರು ಯಾರೋ ಕಸ ತಂದು ಸುರಿಯುತ್ತಿದ್ದರು. ಅದರ ನಾತದ ಬಗ್ಗೆ ನಾನು ಗೊಣಗಿದಾಗ ಅವರು, "ನನ್ನ ಮುಂದ ಯಾಕ ಹೇಳ್ತೀರಿ? ನಡೀರಿ, ಹೇಳೋ ಜಾಗ ತೋರಸ್ತೀನಿ" ಎಂದು ನನ್ನನ್ನು ಕರೆದುಕೊಂಡು ಹೋದರು. ಅವತ್ತು ಮೊದಲ ಬಾರಿಗೆ ನಾನು ಆ ಸಭೆ ನೋಡಿದ್ದು. ಮುಂದಿನ ಸಾಲಿನಲ್ಲಿ ಜಾಗವಿದ್ದರೂ ಅವರು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹೋಗಿ ಬಾಗಿಲಿಗೆ ಒರಗಿಸಿ ಕೂತರು. ಅವರು ಅಲ್ಲಿ ಕೂತಿರುವಷ್ಟು ಹೊತ್ತು ಬಾಗಿಲು ಮುಚ್ಚಲು ಸಾಧ್ಯವಿರಲಿಲ್ಲ. ಕಚೇರಿಯ ಜವಾನ ಬಂದು, "ಅಮ್ಮಾ, ಗಲಾಟೆ ಬರುತ್ತೆ, ಬಾಗಿಲು ಹಾಕ್ತೀನಿ" ಅಂದ. "ಗಾಳಿ ಬರ್ಲಿ ಬಿಡೋ ತಮ್ಮ. ಮಂದಿನೂ ಬರ್ಲಿ" ಅಂದರು.

ನಾನು ನನ್ನ ಕಸದ ವಿಷಯವನ್ನು ನಿಂತುಕೊಂಡು ಹೇಳಿದೆ. ಎಂಜಿನಿಯರು ಮೇಜಿನ ಕಡೆ ನೋಡಿಕೊಂಡು "ನೋಡೋಣ" ಅಂತ ಏನೋ ಅಂದರು. ಬಾಗಿಲಿನಿಂದ ದನಿ ಬಂತು: "ಕೇಳಿಸವಲ್ದು ರೀ, ಇನ್ನೊಮ್ಮೆ ಹೇಳ್ರಿ." ಅವರು ಸ್ವಲ್ಪ ಜೋರಾಗಿ, "ಕ್ರಮ ತಗೋತೀವಿ" ಅಂದರು. "ಯಾವಾಗ ರೀ? ಅದೂ ಕೇಳಿಸಲಿಲ್ಲ." ಕೂತವರು ನಕ್ಕರು. ಎಂಜಿನಿಯರು ಮುಖ ಕೆಂಪಗೆ ಮಾಡಿಕೊಂಡು, "ಈ ವಾರ ಮಾಡಿಸ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ವಾರವೇ ಕಸದ ಗುಡ್ಡೆ ಹೋಯಿತು. ನಾಲ್ಕು ಹೂಕುಂಡ ತಂದಿಟ್ಟರು.

ವಾಪಸು ಬರುವಾಗ, "ಮೇಡಂ, ನಿಮಗೆ ಕಿವಿ ಸ್ವಲ್ಪ ಮಂದವಾ?" ಎಂದು ಕೇಳಿದೆ. ಅವರು ನಡು ರಸ್ತೆಯಲ್ಲಿ ನಿಂತರು.

"ನನ್ನ ಕಿವಿ? ಬಳ್ಳಾರಿಯ ಟ್ರಂಕ್ ಕಾಲಿನೊಳಗ ಹಿಂದ ಕೂಸು ಅತ್ತರೆ ಹೆಣ್ಣೋ ಗಂಡೋ ಹೇಳತಿದ್ದೆ. ಮನಸಿನ್ಯಾಗ ಗೊಣಗಿದ್ದನ್ನ ಬಾಯಿ ಬಿಟ್ಟು ಹೇಳಸಬೇಕ್ರಿ. ಎರಡು ಸಲ ಹೇಳಿದ ಮಾತನ್ನ ನುಂಗೋದು ಕಷ್ಟ."

ಇನ್ನೊಂದು ಸಲ, ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ಅವರಾಗಿಯೇ ಹೇಳಿದ ಮಾತು ನನಗೆ ಮರೆಯುವುದಿಲ್ಲ. "ಎಕ್ಸ್‌ಚೇಂಜಿನ್ಯಾಗ ಮೊದಲ್ನೇ ದಿನಾನ ಹೇಳತಿದ್ರು, ಲೈನ್ ಕೊಡು, ಕೇಳಬ್ಯಾಡ ಅಂತ. ನೌಕರಿ ಪೂರ್ತಿ ಕೇಳಿಸಿದ್ರೂ ಕೇಳಿಸದಂಗ ಕೂತೆ. ಸಾವು, ಸಾಲ, ಮೋಸ, ಎಲ್ಲಾ ನನ್ನ ಕಿವಿ ಮ್ಯಾಲಿಂದ ಹೋತು. ಈಗ ಒಂದು ಜಾಗ ಸಿಕ್ಕೈತಿ, ಕೇಳೋದಕ್ಕ ಹಕ್ಕು ಕೊಟ್ಟಾರ. ಅದನ್ನ ಬಿಡ್ತೀನೇನ್ರಿ?"

ಸಭೆಯಲ್ಲಿ ಕೊಡುತ್ತಿದ್ದ ಟೀಯನ್ನು ಅವರು ಮುಟ್ಟುತ್ತಿರಲಿಲ್ಲ. ಮಜ್ಜಿಗೆಯನ್ನು ಸ್ಟೀಲ್ ಬಾಟಲಿಯಲ್ಲಿ ಮನೆಯಿಂದಲೇ ತರುತ್ತಿದ್ದರು.

ಆ ಸಭೆಗಳಿಗೆ ತಪ್ಪದೆ ಬರುತ್ತಿದ್ದ ಇನ್ನೊಬ್ಬನಿದ್ದ. ಏರಿಯಾದಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವನನ್ನು ಅಣ್ಣ ಅಂತಲೇ ಕರೆಯುವುದು. ಸಮಿತಿಯಲ್ಲಿ ಅವನಿಗೆ ಯಾವ ಹುದ್ದೆಯೂ ಇರಲಿಲ್ಲ. ಆದರೆ ಎಂಜಿನಿಯರರ ಪಕ್ಕದ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಷರಟು, ಮೆತ್ತನೆಯ ಮಾತು. ಅವನು ದನಿ ಎತ್ತಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಇವರನ್ನು ಕಂಡರೆ ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡುತ್ತಿದ್ದ. ಇವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ನಮ್ಮ ಬಡಾವಣೆಯ ತಗ್ಗಿನ ಅಂಚಿನಲ್ಲಿ ಒಂದು ರಾಜಕಾಲುವೆ ಹರಿಯುತ್ತದೆ. ಮೇಲಿನ ಬಡಾವಣೆಗಳ ಮಳೆನೀರೆಲ್ಲ ಅದರಲ್ಲೇ ಇಳಿದು ವೃಷಭಾವತಿಗೆ ಸೇರಬೇಕು. ಅದರ ತಿರುವಿನಲ್ಲಿ ಒಂದು ಗಲ್ಲಿಯಿದೆ. ಗಾರ್ಮೆಂಟ್ಸಿಗೆ ಹೋಗುವವರು, ಆಟೋದವರು, ವಾಚ್‌ಮನ್‌ಗಳು ಬಾಡಿಗೆಗಿರುವ ಸಣ್ಣ ಸಣ್ಣ ಮನೆಗಳು. ಮಲ್ಲತ್ತಹಳ್ಳಿಯವರಾದ ನಮ್ಮ ತಂದೆ ಆ ತಿರುವನ್ನು ತೋರಿಸಿ, ಎಂಥ ಬೇಸಿಗೆಯಲ್ಲೂ ಅಲ್ಲಿ ಎಮ್ಮೆ ಮುಳುಗುವಷ್ಟು ನೀರಿರುತ್ತಿತ್ತು ಎಂದು ಹೇಳುತ್ತಿದ್ದರು. ಆ ತಿರುವಿನಲ್ಲಿ ಕಾಲುವೆಯನ್ನು ಕಿರಿದು ಮಾಡಿ, ಮೇಲೆ ಚಪ್ಪಡಿ ಹಾಸಿ, ಅಂಗಡಿ ಸಾಲು ಕಟ್ಟುವ ಪ್ರಸ್ತಾಪ ಒಂದು ಶನಿವಾರ ಸಭೆಗೆ ಬಂತು. 'ಸೌಂದರ್ಯೀಕರಣ' ಎಂದು ಓದಿದರು. ಓದಿದ್ದು ಎಂಜಿನಿಯರು. ಅಣ್ಣ ಸುಮ್ಮನೆ ಫೋನು ನೋಡುತ್ತಿದ್ದ.

ಬಾಗಿಲಿನಿಂದ ದನಿ ಬಂತು. "ಕಾಲುವಿ ಸಣ್ಣದು ಮಾಡಿದ್ರ ನೀರು ಎಲ್ಲಿಗೆ ಹೋಗಬೇಕ್ರಿ?"

"ಅದೆಲ್ಲ ಟೆಕ್ನಿಕಲ್ ಆಗಿ ನೋಡ್ತಾರೆ, ಮೇಡಂ."

"ನೋಡಿದ್ದನ್ನ ನಮಗೂ ತೋರಸ್ರಿ. ಅಲ್ಲಿ ತನಕ ಒಪ್ಪಿಗಿ ಕೊಡಬ್ಯಾಡ್ರಿ."

ಆಗ ಅಣ್ಣ ತಲೆಯೆತ್ತಿ ಇವರನ್ನು ನೋಡಿದ. ನಕ್ಕ. "ಅಮ್ಮ ಹೇಳೋದು ಸರಿ ಇದೆ, ಮುಂದಿನ ಮೀಟಿಂಗಲ್ಲಿ ನೋಡೋಣ" ಅಂದ. ಸಭೆ ಮುಗಿದು ಮೆಟ್ಟಿಲು ಇಳಿಯುವಾಗ ನಮ್ಮ ಹಿಂದೆಯೇ ಬಂದು, ಇವರ ಮೊಳಕೈ ಹಿಡಿದು ನಿಧಾನವಾಗಿ ಇಳಿಸಿದ. "ಹುಷಾರಮ್ಮಾ. ಬಿಪಿ ಡೋಸ್ ಬೇರೆ ಜಾಸ್ತಿ ಮಾಡಿದಾರೆ ಡಾಕ್ಟ್ರು. ತಲೆ ಸುತ್ತಿ ಬಿದ್ದುಗಿದ್ದೀರ" ಅಂದ.

ಡೋಸ್ ಹೆಚ್ಚು ಮಾಡಿದ್ದು ಹಿಂದಿನ ವಾರ. ಅದು ಗೊತ್ತಿದ್ದದ್ದು ಅವರಿಗೆ, ಅವರ ಡಾಕ್ಟರಿಗೆ, ಮಾತ್ರೆ ಕೊಟ್ಟ ನನಗೆ. ಅಂಗಡಿ ಹತ್ತಿರ ಬಂದಮೇಲೆ, "ನಾನು ಯಾರಿಗೂ ಹೇಳಿಲ್ಲ ಮೇಡಂ" ಅಂದೆ. "ಗೊತ್ತೈತಿ ರೀ" ಅಂದರು. ಆಮೇಲೆ, "ನಿಮಗ ಅಂಜಿಕಿ ಆಗಬೇಕು ಅಂತನ ಅಂವ ಅದನ್ನ ನಿಮ್ಮ ಮುಂದ ಹೇಳಿದ್ದು" ಅಂದರು.

ಅಲ್ಲಿಂದಾಚೆಗೆ ಸಭೆ ಸಿಗುವುದೇ ಕಷ್ಟವಾಯಿತು. ಮೊದಲು ನೋಟೀಸನ್ನು ಹೊರಗಿನ ಬೋರ್ಡಿನಿಂದ ತೆಗೆದು ಎಂಜಿನಿಯರರ ಕೋಣೆಯ ಒಳಗೆ ಅಂಟಿಸಿದರು. ಆಮೇಲೆ ಶನಿವಾರ ಹೋಗಿ ವಾರದ ನಡುವಿನ ಮಧ್ಯಾಹ್ನವಾಯಿತು. ಕೆಲಸಕ್ಕೆ ಹೋಗುವವರು ಅಲ್ಲಿಗೆ ತಪ್ಪಿಹೋದರು. ಕೊನೆಗೆ, ಕಚೇರಿಯಲ್ಲಿ ಪೇಂಟಿಂಗ್ ನಡೆಯುತ್ತಿದೆ ಎಂದು ಹೇಳಿ ಸಭೆಯನ್ನು ಅಣ್ಣನ ಭಾಮೈದುನನ ಪಾರ್ಟಿ ಹಾಲಿಗೆ ಸಾಗಿಸಿದರು. ಅಲ್ಲಿ ಗಾಜಿನ ಬಾಗಿಲು. "ಏಸಿ ಹಾಕಿದೀವಿ ಅಮ್ಮ, ಬಾಗಿಲು ತೆಗೆದಿಡೋಕಾಗಲ್ಲ" ಎಂದು ಬಾಗಿಲಲ್ಲಿ ನಿಂತ ಹುಡುಗರು ವಿನಯದಿಂದಲೇ ಹೇಳಿದರು. ಒಳಗೆ ಕುರ್ಚಿಗಳೆಲ್ಲ ತುಂಬಿದ್ದವು. ಕೂತವರನ್ನು ನಾನು ಗಾಜಿನಿಂದ ನೋಡಿದೆ. ಒಬ್ಬರೂ ನಮ್ಮ ಬಡಾವಣೆಯ ಮುಖಗಳಲ್ಲ.

ಇವರು ಜಗಳ ಮಾಡಲಿಲ್ಲ. ಪಾರ್ಟಿ ಹಾಲಿನ ಅಡುಗೆಮನೆಯಿಂದ ಒಂದು ಸ್ಟೂಲು ತರಿಸಿಕೊಂಡು ಬಾಗಿಲಿನ ಹೊರಗೆ, ಗಾಜಿಗೆ ಕಿವಿ ತಾಗುವಷ್ಟು ಹತ್ತಿರ ಕೂತರು. ಕಣ್ಣು ಮುಚ್ಚಿದರು. ಒಂದು ಕೈಯನ್ನು ಕಿವಿಯ ಹತ್ತಿರ, ಹಿಂದಿನ ಕಾಲದ ಹೆಡ್‌ಫೋನ್ ಹಿಡಿದ ಹಾಗೆ ಇಟ್ಟುಕೊಂಡಿದ್ದರು. ಸಭೆ ಮುಗಿಯುವವರೆಗೂ ಹಾಗೆಯೇ ಇದ್ದರು.

ಅವತ್ತು ಸಂಜೆ ನನ್ನ ಅಂಗಡಿಯ ಬೆಂಚಿನಲ್ಲಿ ಕೂತು, ಒಳಗೆ ಯಾರು ಏನಂದರು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಎಂಜಿನಿಯರರ ಕೆಮ್ಮನ್ನೂ ಬಿಡಲಿಲ್ಲ. ಮಾತ್ರೆಗೆ ಬಂದವರು ನಿಂತು ಕೇಳಿದರು. ಮುಂದಿನ ಸಭೆಯಾದ ಸಂಜೆ ಅವರ ಮಾತು ಕೇಳುವುದಕ್ಕೆಂದೇ ಕೆಲವರು ಬಂದರು. ತಿರುವಿನ ಗಲ್ಲಿಯಿಂದಲೂ ಬಂದರು. ಗಾರ್ಮೆಂಟ್ಸಿನ ಸೂಪರ್‌ವೈಸರ್ ಹೆಂಗಸೊಬ್ಬಳು ಮುಂದೆ ನಿಂತು, "ಹಂಗಾದ್ರೆ ನಮ್ಮ ಮನೆಗೆ ನೀರು ನುಗ್ಗುತ್ತಾ ಅಮ್ಮ?" ಎಂದು ನೇರವಾಗಿ ಕೇಳಿದಳು.

"ನುಗ್ಗತೈತವ್ವಾ. ದೊಡ್ಡ ಮಳಿ ಒಂದು ಬರ್ಲಿ. ನೀವೆಲ್ಲಾ ಮೀಟಿಂಗಿಗೆ ಬರ್ರಿ, ಒಬ್ಬಾಕಿ ಕೂಗಿದ್ರ ಯಾರಿಗೂ ಕೇಳಂಗಿಲ್ಲ."

"ರಜಾ ಕೊಡಲ್ಲಮ್ಮ" ಅಂದಳು ಅವಳು. ಅದು ನಿಜವೂ ಆಗಿತ್ತು.

ಆ ವಾರ ಪಾಲಿಕೆಯ ಲಾರಿಯೊಂದು ಬಂದು ನನ್ನ ಬೆಂಚನ್ನು ಎತ್ತಿಕೊಂಡು ಹೋಯಿತು. ಫುಟ್‌ಪಾತ್ ಒತ್ತುವರಿಯಂತೆ. ಪಕ್ಕದ ಬೇಕರಿಯ ಗಾಜಿನ ಪೆಟ್ಟಿಗೆ, ಅದರಾಚೆಯ ಹಾರ್ಡ್‌ವೇರ್ ಅಂಗಡಿಯ ಪೈಪುಗಳ ರಾಶಿ ಫುಟ್‌ಪಾತಿನ ಮೇಲೆ ಇದ್ದ ಹಾಗೇ ಇದ್ದವು. ಬೆಂಚಿಲ್ಲದಿದ್ದರೂ ಅವರು ಬಂದರು. ನಿಂತುಕೊಂಡೇ ಹೇಳಿದರು.

ಒಂದು ಭಾನುವಾರ ಮಾತ್ರೆ ಕೊಡಲು ಅವರ ಮನೆಗೆ ಹೋಗಿದ್ದೆ. ಊಟದ ಮನೆಯಲ್ಲಿ ಅವರೂ ತಮ್ಮನೂ ತಟ್ಟೆಯ ಮುಂದೆ ಕೂತಿದ್ದರು, ಇಬ್ಬರೂ ಊಟ ಮಾಡುತ್ತಿರಲಿಲ್ಲ. ನಾನು ಹೊರಡಲು ನೋಡಿದೆ. "ಕೂಡ್ರಿ, ನಿಮಗೂ ಗೊತ್ತಿರ್ಲಿ" ಎಂದು ಅವರೇ ಕೂರಿಸಿದರು.

ತಮ್ಮ ತಲೆ ತಗ್ಗಿಸಿಕೊಂಡು ಹೇಳಿದರು. "ನಿನ್ನೆ ಹಾಲಿನ ಬೂತ್ ಹತ್ರ ಅಣ್ಣ ಸಿಕ್ಕಿದ್ದ ಸಾರ್. ಚೆನ್ನಾಗೇ ಮಾತಾಡ್ಸಿದ. ಮನೆ ಖಾತಾ ಇನ್ನೂ ಆಗಿಲ್ವಂತಲ್ಲ, ಹೇಳಿ ಮಾಡಿಸ್ತೀನಿ ಅಂದ. ಆಮೇಲೆ, ಪಾಪು ಕಾಲೇಜಿಗೆ ಈಗಲೂ ಅದೇ ಬಸ್ಸಲ್ಲಿ ಹೋಗ್ತಾಳಾ ಅಂದ. ಬಸ್ ನಂಬರೂ ಅವನೇ ಹೇಳ್ದ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಅಕ್ಕಾ, ನಿಮ್ಮನ್ನ ನಾನು ಯಾವತ್ತಾದ್ರೂ ಏನಾದ್ರೂ ಅಂದಿದೀನಾ? ಇದೊಂದು ಬಿಟ್ಬಿಡಿ. ಹೊರಗಡೆ ಬೈಕ್ ನಿಂತಿರುತ್ತೆ. ನಾನು ಬಟ್ಟೆ ಒಣಗ್ಹಾಕೋಕೆ ಹೋದ್ರೂ ಅವ್ರು ಮೇಲೆ ನೋಡ್ತಾರೆ."

ಅವರು ತಮ್ಮನ ತಟ್ಟೆಗೆ ಒಂದು ರೊಟ್ಟಿ ಹಾಕಿದರು. "ನಾ ಮೀಟಿಂಗ್ ಬಿಟ್ಟರೂ ಅಂವ ಇನ್ನೊಂದಕ್ಕ ಅಂಜಸ್ತಾನ. ನಾ ಮನೀ ಬಿಟ್ಟರ ನಿಮ್ಮನ್ನ ಬಿಡಬಹುದು. ಪಾಪೂಗ ಏನೂ ಆಗಬಾರದು" ಅಂದರು. ತಮ್ಮ ಅತ್ತುಬಿಟ್ಟರು. ಬೇಡ ಎಂದು ಮಾತ್ರ ಅವರಾಗಲೀ ಅವರ ಹೆಂಡತಿಯಾಗಲೀ ಹೇಳಲಿಲ್ಲ.

ಕೆಂಗೇರಿಯಲ್ಲಿ, ಮೆಟ್ರೋ ಸ್ಟೇಷನ್ನಿಂದ ನಡೆಯುವಷ್ಟು ದೂರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದರು. ಸಾಮಾನು ಸಾಗಿಸುವ ದಿನ ನಾನೂ ಹೋಗಿದ್ದೆ. ನಾವು ಹೇಳಿದ್ದ ಟೆಂಪೋ ಬರುವ ಮೊದಲೇ ಇನ್ನೊಂದು ಟೆಂಪೋ ಬಂದು ಮನೆಯ ಮುಂದೆ ನಿಂತಿತ್ತು. ಅದರಿಂದ ಇಳಿದ ಹುಡುಗ, "ಅಣ್ಣ ಕಳ್ಸಿದಾರೆ. ಅಮ್ಮನ ಸಾಮಾನು ನಾವೇ ಇಳಿಸಿಕೊಡಬೇಕಂತೆ" ಅಂದ.

"ಬ್ಯಾಡಪಾ. ನಮ್ಮ ಗಾಡಿ ಬರತೈತಿ" ಅಂದರು.

"ಪರ್ವಾಗಿಲ್ಲಮ್ಮ. ಹಿಂದೆ ಬರ್ತೀವಿ. ಮನೆ ಗೊತ್ತಾಗುತ್ತಲ್ಲ."

ಮಂಚ, ಮಿಕ್ಸಿ, ಎರಡು ಟ್ರಂಕು, ಲಿಂಗಪೂಜೆಯ ಸಾಮಾನು. ಅಷ್ಟೇ ಇದ್ದದ್ದು. ಮೈಸೂರು ರಸ್ತೆಯುದ್ದಕ್ಕೂ ನಮ್ಮ ಟೆಂಪೋದ ಹಿಂದೆ ಆ ಖಾಲಿ ಟೆಂಪೋ ಬಂತು. ನಾವು ಸಿಗ್ನಲ್ಲಿನಲ್ಲಿ ನಿಂತರೆ ಅದೂ ನಿಂತಿತು. ಹೊಸ ಮನೆಯ ಬಾಗಿಲಿಗೆ ಬಂದು, ಹಾರ್ನ್ ಮಾಡಿ, ತಿರುಗಿಕೊಂಡು ಹೋಯಿತು.

ಮುಂದಿನ ಸಭೆಯ ದಿನ ಅವರು ಮೆಟ್ರೋದಲ್ಲಿ ಬಂದರು. ನಾನು ಸ್ಟೇಷನ್ನಿನಲ್ಲಿ ಕಾದಿದ್ದೆ. ಪಾರ್ಟಿ ಹಾಲಿನ ಬಾಗಿಲಲ್ಲಿ ಈ ಸಲ ಎಂಜಿನಿಯರೇ ನಿಂತಿದ್ದರು. ಮುಖ ಬೇರೆ ಕಡೆ ತಿರುಗಿಸಿ, "ಮೇಡಂ, ಈ ಸಭೆ ವಾರ್ಡಿನ ನಿವಾಸಿಗಳಿಗೆ ಮಾತ್ರ" ಅಂದರು.

"ಕೇಳಿಸಲಿಲ್ಲ."

"ನೀವು ಈಗ ಈ ವಾರ್ಡಿನ ನಿವಾಸಿ ಅಲ್ಲ, ಮೇಡಂ. ನಿಯಮ ಇದೆ."

ಅವರು ಆ ಎಂಜಿನಿಯರನ್ನು ನೋಡುತ್ತ ನಿಂತರು. ಎಂಜಿನಿಯರು ಕೆಟ್ಟವರಲ್ಲ, ಸಣ್ಣ ವಯಸ್ಸು. ಅಂಗಿಯ ಕಾಲರು ಬೆವರಿನಿಂದ ಒದ್ದೆಯಾಗಿತ್ತು. "ಖರೇ ಐತಿ. ನಿಯಮ ಐತಿ" ಅಂದರು ಇವರು. ನನ್ನ ಕಡೆ ತಿರುಗಿ, "ನೀವು ನಿವಾಸಿ ಅದೀರಿ. ನೀವು ಹೋಗ್ರಿ ಒಳಗ" ಅಂದರು.

ನಾನು ಹೋದೆ. ಹಿಂದೆ ಗಾಜಿನ ಬಾಗಿಲು ಮುಚ್ಚಿತು. ಏಸಿಯ ಚಳಿಯಲ್ಲಿ, ಗುರುತಿಲ್ಲದ ಜನರ ನಡುವೆ, ಕಾಲುವೆಯ ವಿಷಯ ಓದಿದರು. ಎಲ್ಲರೂ ಕೈ ಎತ್ತಿದರು. ನಾನು ಎದ್ದು ನಿಂತೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. "ತಿರುವಿನ ಗಲ್ಲಿಗೆ ನೀರು ನುಗ್ಗುತ್ತಲ್ಲ, ಸಾರ್?"

ಎಂಜಿನಿಯರು ಪಕ್ಕದ ಕುರ್ಚಿಯ ಕಡೆ ನೋಡಿದರು. ಅಣ್ಣ ಉತ್ತರ ಕೊಟ್ಟ. "ನಿಮ್ಮ ಅಂಗಡಿ ಎತ್ತರದಲ್ಲಿದೆ, ಮೆಡಿಕಲ್ಸ್ ಸಾರ್. ನಿಮಗ್ಯಾಕೆ ಭಯ?" ಅಲ್ಲಲ್ಲಿ ನಗು ಕೇಳಿಸಿತು. ಪ್ರಸ್ತಾಪ ಪಾಸಾಯಿತು.

ಹೊರಗೆ ಹೊಂಗೆ ಮರದ ಕೆಳಗೆ ಅವರು ಕಾಯುತ್ತಿದ್ದರು. ಒಂದಕ್ಷರವೂ ಬಿಡದೆ ನನ್ನಿಂದ ಹೇಳಿಸಿಕೊಂಡರು. ಹೇಳಿ ಮುಗಿಸಿದ ಮೇಲೆ, "ನಿಂತು ಕೇಳಿದ್ರಲ್ಲ, ಸಾಕು" ಎಂದು ನನ್ನ ಭುಜ ತಟ್ಟಿದರು. ಆಮೇಲೆ ತಾವೊಬ್ಬರೇ ತಿರುವಿನ ಗಲ್ಲಿಗೆ ಹೋಗಿ, ಮನೆ ಮನೆಯ ಬಾಗಿಲಲ್ಲಿ ನಿಂತು, ಮಳೆಗಾಲದ ಹೊತ್ತಿಗೆ ಬೇರೆ ಮನೆ ನೋಡಿಕೊಳ್ಳಿ ಎಂದು ಹೇಳಿ ಬಂದರು. ಅಡ್ವಾನ್ಸ್ ಯಾರು ಕೊಡ್ತಾರಮ್ಮ ಎಂದು ಗಲ್ಲಿಯವರು ಕೇಳಿದರಂತೆ.

ಕಾಲುವೆಯ ಮೇಲೆ ಚಪ್ಪಡಿ ಹಾಸಿದರು. ಅಂಗಡಿ ಸಾಲು ಎದ್ದಿತು. ಮಳೆಗಾಲದ ಮೊದಲ ಮಳೆಗಳು ಸಣ್ಣದಾಗಿ ಬಂದು ಹೋದವು. "ನೋಡಿ, ಏನೂ ಆಗ್ಲಿಲ್ಲ, ಸುಮ್ನೆ ಹೆದರಿಸಿದ್ರು ಆಯಮ್ಮ" ಎಂದು ನನ್ನ ಅಂಗಡಿಯಲ್ಲೇ ಜನ ಆಡಿಕೊಂಡರು. ನಾನು ಮಾತ್ರ ಪ್ರತಿ ಮಧ್ಯಾಹ್ನ ನಾಗರಭಾವಿಯ ಕಡೆಯ ಆಕಾಶ ನೋಡುತ್ತಿದ್ದೆ.

ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಆ ಕಡೆ ಕಪ್ಪಾಯಿತು. ಮಳೆ ಸುರಿದದ್ದು ಬಹಳ ಹೊತ್ತೇನೂ ಅಲ್ಲ. ಆದರೆ ಮೇಲಿನ ನಂದಿನಿ ಲೇಔಟ್, ಬಸವೇಶ್ವರನಗರ, ಎಲ್ಲ ಕಡೆ ಒಟ್ಟಿಗೆ ಸುರಿಯಿತು. ನೀರು ಕಾಲುವೆಯಲ್ಲಿ ಗುಡುಗುತ್ತ ಬಂದು, ಕಿರಿದಾದ ಬಾಯಿಗೆ ಹೊಡೆದು, ಹಿಂದಕ್ಕೆ ತಿರುಗಿ ಗಲ್ಲಿಯೊಳಗೆ ಹೋಯಿತು. ನಾವು ಓಡಿಹೋಗುವ ಹೊತ್ತಿಗೆ ಎದೆಮಟ್ಟ ಬಂದಿತ್ತು. ಹೆಂಗಸರು ಮಕ್ಕಳು ಹೇಗೋ ತಾರಸಿ ಹತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ನೆಲಮಾಳಿಗೆಯ ಕೋಣೆಯಲ್ಲಿ ಮಲಗಿದ್ದ ಒಬ್ಬ ವಾಚ್‌ಮನ್ ಹೊರಗೆ ಬರಲೇ ಇಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ನೀರಿನ ಒತ್ತಡಕ್ಕೆ ಬಾಗಿಲು ತೆಗೆಯಲು ಅವನಿಗೂ ಆಗಲಿಲ್ಲ, ಹೊರಗಿನವರಿಗೂ ಆಗಲಿಲ್ಲ. ಸ್ವಲ್ಪ ಹೊತ್ತು ಒಳಗಿನಿಂದ ಬಡಿಯುತ್ತಿದ್ದನಂತೆ.

ಮರುದಿನ ಬೆಳಿಗ್ಗೆ ಅವರು ಬಂದರು. ಕೆಸರಿನಲ್ಲಿ ಸೀರೆ ಎತ್ತಿ ಹಿಡಿದು ಗಲ್ಲಿಯುದ್ದಕ್ಕೂ ನಡೆದರು. ಹಾಸಿಗೆ, ಗ್ಯಾಸ್ ಸ್ಟೌ, ಮಕ್ಕಳ ಪುಸ್ತಕ ಎಲ್ಲ ಬೀದಿಯಲ್ಲಿದ್ದವು. ಆ ಗಾರ್ಮೆಂಟ್ಸಿನ ಹೆಂಗಸು ಪೊರಕೆ ಹಿಡಿದು ನಿಂತಿದ್ದವಳು ಇವರನ್ನು ಕಂಡು, ಪೊರಕೆ ಎಸೆದು ಬಂದಳು.

"ಎಲ್ಲಾ ಗೊತ್ತಿತ್ತಲ್ಲ ನಿಮ್ಗೆ! ಗೊತ್ತಿದ್ದೂ ಯಾಕೆ ಬಿಟ್ಟು ಹೋದ್ರಿ? ಕೆಂಗೇರೀಲಿ ಬೆಚ್ಚಗೆ ಮಲ್ಕೊಂಡಿದ್ರಾ?"

ನಾನು ಏನೋ ಹೇಳಲು ಹೋದೆ. ಅವರು ನನ್ನ ಕೈ ಹಿಡಿದು ತಡೆದರು. ತಮ್ಮನ ಮಗಳ ಕಾಲೇಜು ಬಸ್ಸಿನ ಕಥೆಯನ್ನು ಬೀದಿಯಲ್ಲಿ ನಿಂತು ಹೇಳುವಂತಿರಲಿಲ್ಲ. ಬೈಸಿಕೊಂಡು ನಿಂತರು. ಆಕೆ ಬೈದು ಬೈದು ಕೊನೆಗೆ ಅಳಲು ಶುರುಮಾಡಿದಾಗ, ಕೆಸರಿನಲ್ಲಿ ಬಿದ್ದಿದ್ದ ಪೊರಕೆಯನ್ನು ಎತ್ತಿ, ಆಕೆಯ ಹೊಸ್ತಿಲಿನ ಕೆಸರನ್ನು ತಾವೇ ಬಳಿಯತೊಡಗಿದರು. ಗಲ್ಲಿಯ ಇನ್ನೊಂದು ತುದಿಯಲ್ಲಿ ಅಣ್ಣನ ಹುಡುಗರು ಪುಳಿಯೋಗರೆ ಪೊಟ್ಟಣ ಹಂಚುತ್ತ ವಿಡಿಯೋ ಮಾಡುತ್ತಿದ್ದರು.

ಮುಂದಿನ ಸಭೆಯಲ್ಲಿ ಮೃತನಿಗೆ ಎದ್ದು ನಿಂತು ಸಂತಾಪ ಸೂಚಿಸಿದರಂತೆ. ಬಾಗಿಲು ಮುಚ್ಚಿಯೇ.

ಅದಾದಮೇಲೆ ಅವರು ಸುಮ್ಮನೆ ಕೂರಲಿಲ್ಲ. ದೊಡ್ಡ ಕಚೇರಿಗಳಿಗೆ ಅಲೆದರು, ವಕೀಲರೊಬ್ಬರನ್ನು ಕಂಡರು. ಫೋನಿನಲ್ಲಿ, "ವಾಚ್‌ಮನ್ನನ ಹೆಂಡತೀನ ರಾಯಚೂರಿಂದ ಕರಸಾಕತ್ತೀನಿ. ಆಕಿ ಬಂದು ಬಾಯಿಬಿಟ್ಟು ಕೇಳಿದ್ರ ಯಾವ ನಿಯಮ ಹೇಳ್ತಾರ ನೋಡೂಣು" ಅಂದರು. ದನಿಯಲ್ಲಿ ಬಹಳ ದಿನದ ಮೇಲೆ ಹುರುಪಿತ್ತು. ನಾನು ಅವರ ದನಿ ಕೇಳಿದ್ದು ಅದೇ ಕೊನೆ.

ಹೃದಯಾಘಾತ ಎಂದು ಡಾಕ್ಟರು ಹೇಳಿದರು. ಬಿಪಿ ಇತ್ತು, ವಯಸ್ಸಾಗಿತ್ತು, ಅಲೆದಾಟ ಇತ್ತು. ಮಾತ್ರೆ ಕೊಟ್ಟವನು ನಾನು, ಇಲ್ಲ ಎನ್ನಲಾರೆ. ಆದರೆ ಕೆಂಗೇರಿಯ ಮನೆಯ ಮಾಲೀಕರು ಇನ್ನೊಂದು ಮಾತು ಹೇಳಿದರು. ಹಿಂದಿನ ಸಂಜೆ ಇಬ್ಬರು ಬಂದಿದ್ದರಂತೆ. ವಾರ್ಡ್ ಕಚೇರಿಯವರು, ಅಮ್ಮನನ್ನು ಸಭೆಗೆ ಕರೆಯಲು ಬಂದಿದ್ದೇವೆ ಅಂದರಂತೆ. ಒಳಗೆ ಸ್ವಲ್ಪ ಹೊತ್ತು ಕೂತು ಮಾತಾಡಿ ಹೋದರಂತೆ. ಜಗಳದ ಸದ್ದೇನೂ ಇರಲಿಲ್ಲ. ಅವರು ಹೋದಮೇಲೆ ಇವರು ಬಾಗಿಲು ಹಾಕಿಕೊಂಡರು. ಯಾವಾಗಲೂ ತೆರೆದಿಡುವವರು ಬಾಗಿಲು ಹಾಕಿದ್ದು ಕಂಡು ಮಾಲೀಕರಿಗೆ ಆಶ್ಚರ್ಯವಾಯಿತಂತೆ. ಬೆಳಿಗ್ಗೆ ತೆಗೆಯಲಿಲ್ಲ. ಆ ಇಬ್ಬರು ಏನು ಹೇಳಿದರು ಎಂಬುದು ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ.

ರುದ್ರಭೂಮಿಯಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದರು. ನಾವು ಕೆಲವೇ ಜನ ಇದ್ದೆವು. ಅಣ್ಣ ಬಂದ. ದೊಡ್ಡ ಹಾರ ಹಾಕಿ, ಕಣ್ಣು ಒರೆಸಿಕೊಂಡು, ತಮ್ಮನ ಕೈ ಹಿಡಿದು, "ಏನು ಬೇಕಾದ್ರೂ ಕೇಳಿ, ನಮ್ಮನೆಯವರೇ ಅನ್ಕೊಳ್ಳಿ" ಅಂದ. ತಮ್ಮ ತಲೆಯಾಡಿಸಿದರು. ಬೇರೆ ಏನು ಮಾಡಬಹುದಿತ್ತು ಅವರು?

ಹದಿನೈದು ದಿನ ಕಳೆದಿರಬೇಕು. ಗಾರ್ಮೆಂಟ್ಸಿನ ಆ ಹೆಂಗಸು ಕೆಮ್ಮಿನ ಸಿರಪ್ಪಿಗೆ ಅಂಗಡಿಗೆ ಬಂದಳು. ಸಿರಪ್ಪು ತೆಗೆದುಕೊಂಡಮೇಲೂ ಹೋಗಲಿಲ್ಲ. "ಕಾಲುವೆ ಇನ್ನೂ ಮುಂದಕ್ಕೆ ಮುಚ್ತಾರಂತೆ, ಸಾರ್. ಮೀಟಿಂಗ್ ಯಾವತ್ತು?" ಎಂದು ಕೇಳಿದಳು. ನಾನು ವಿಚಾರಿಸಿ ಹೇಳಿದೆ.

ಆ ಮಧ್ಯಾಹ್ನ ನಾನು ಪಾರ್ಟಿ ಹಾಲಿಗೆ ಹೋದಾಗ ಗಲ್ಲಿಯ ಜನ ಆಗಲೇ ಬಾಗಿಲ ಮುಂದೆ ನಿಂತಿದ್ದರು. ಕೆಲಸ ಬಿಟ್ಟು, ಸಂಬಳ ಕಳೆದುಕೊಂಡು ಬಂದವರು. ಗಾಜಿನ ಬಾಗಿಲು ತೆರೆಯಲಿಲ್ಲ. ನಾವು ಕದಲಲಿಲ್ಲ. ಕೊನೆಗೆ ಅಣ್ಣನೇ ಹೊರಗೆ ಬಂದ. ಒಬ್ಬೊಬ್ಬರ ಹತ್ತಿರವೂ ನಿಂತು, ಹೆಗಲ ಮೇಲೆ ಕೈಯಿಟ್ಟು, ಮೆತ್ತಗೆ ಕೇಳತೊಡಗಿದ: ಯಾವ ಮನೆಯಪ್ಪ ನಿಂದು? ಓನರ್ ಯಾರು? ಮಕ್ಕಳು ಯಾವ ಸ್ಕೂಲು? ಪಕ್ಕದಲ್ಲಿ ಒಬ್ಬ ಹುಡುಗ ಅದನ್ನೆಲ್ಲ ಫೋನಿಗೆ ಹಾಕಿಕೊಳ್ಳುತ್ತಿದ್ದ. ಕೇಳಿಸಿಕೊಂಡ ಕೆಲವರು ಉತ್ತರ ಕೊಡದೆ ಮೆಲ್ಲಗೆ ಹಿಂದೆ ಸರಿದರು. ಇನ್ನು ಕೆಲವರು ತಲೆ ತಗ್ಗಿಸಿ ಹೊರಟೇಬಿಟ್ಟರು. ಬಿಸಿಲಿನಲ್ಲಿ ನಾವು ಬಹಳ ಕಡಿಮೆ ಜನ ಉಳಿದೆವು.

ಅವನು ನನ್ನ ಮುಂದೆ ಬಂದು ನಿಂತ. "ಮೆಡಿಕಲ್ಸ್ ಸಾರ್, ನಿಮ್ಮ ಮನೆ ಯಾವ ಕ್ರಾಸು?"

ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಮನೆಯಲ್ಲಿ ಹೆಂಡತಿ ಒಬ್ಬಳೇ ಇದ್ದಾಳೆ ಎಂಬುದು ನೆನಪಾಯಿತು. ಕ್ರಾಸು ಹೇಳಿದೆ, ಮನೆಯ ನಂಬರು ಹೇಳಿದೆ, ಎರಡನೇ ಮಹಡಿ ಅಂದೆ. ಹುಡುಗ ಬರೆದುಕೊಂಡ. ಪಕ್ಕದಲ್ಲಿದ್ದ ಆ ಹೆಂಗಸು, ಅವನು ತನ್ನ ಕಡೆ ತಿರುಗುವ ಮೊದಲೇ, ತನ್ನ ಮನೆಯ ನಂಬರನ್ನು ಹೇಳಿಬಿಟ್ಟಳು. ಆಮೇಲೆ ಬಾಗಿಲಿನ ಹಿಡಿಗೆ ಕೈ ಹಾಕಿದಳು.